ಚೀಟಿಯಲ್ಲಿಲ್ಲದ ಮಾತ್ರೆ

ಬೀದಿಯವರು ಅವನನ್ನು ಅರ್ಧ ಡಾಕ್ಟರು ಎನ್ನುತ್ತಿದ್ದರು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತವನಿಗೆ ಆ ಹೆಸರು ಯಾವಾಗ ಅಂಟಿತೋ, ಅವನಂತೂ ಬಿಡಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ದೊಡ್ಡ ಡಾಕ್ಟರುಗಳ ಚೀಟಿ ನೋಡಿ ಒಂದು ಹುಬ್ಬು ಏರಿಸುತ್ತಿದ್ದ. ಗಿರಾಕಿಗಳು ರೋಗಕ್ಕಿಂತ ಆ ಹುಬ್ಬಿಗೇ ಹೆಚ್ಚು ಹೆದರುತ್ತಿದ್ದರು.

ಅಕ್ಕನ ಸ್ತನದಲ್ಲಿ ಗಡ್ಡೆ ಎಂದು ಗೊತ್ತಾದ ದಿನ ಮನೆಮಂದಿಯೆಲ್ಲ ಅವನ ಮುಖ ನೋಡಿದರು. ಅಕ್ಕ ಬಟ್ಟೆ ಹೊಲಿಯುವವಳು. ಮಿಷನ್ನು ಎಷ್ಟೇ ಚೆನ್ನಾಗಿದ್ದರೂ ಗುಂಡಿಯ ಕಾಜಾ ಮಾತ್ರ ಕೈಯಲ್ಲೇ ಹಾಕಬೇಕು ಅವಳಿಗೆ. ತಮ್ಮನನ್ನು ಓದಿಸಿದ್ದೂ ಆ ಬೆರಳುಗಳೇ. ನೀನಿರುವಾಗ ನನಗೇನು ಭಯ ಎಂದುಬಿಟ್ಟಳು. ಅವನು ಉಬ್ಬಿಹೋದ.

ಮೊದಲ ಸಲ ಕೀಮೋ ಆದಾಗ ಅವಳು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅವನಿಂದ ನೋಡಲಾಗಲಿಲ್ಲ. ಅಂಗಡಿಯಿಂದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ಗಳನ್ನು ತಂದ, ಅದೂ ಒಳ್ಳೆಯ ಕಂಪನಿಯದು, ಜೋರು ಡೋಸಿನದು. ಕಾಗದದ ಕವರಿಗೆ ಸುರಿದು, ಬೆಳಿಗ್ಗೆಗೊಂದು, ರಾತ್ರಿಗೊಂದು ಗೀಟು ಎಳೆದು ಕೊಟ್ಟ. ಶಕ್ತಿ ಬರುತ್ತದೆ ಎಂದ. ಆಸ್ಪತ್ರೆಯಲ್ಲಿ ಹೇಳಬೇಕಿಲ್ಲ, ಸುಮ್ಮನೆ ತಲೆ ತಿನ್ನುತ್ತಾರೆ ಎಂದೂ ಸೇರಿಸಿದ.

ಎರಡನೆಯ ಸಲ ಹೋದಾಗ ನರ್ಸು ಒಂದು ಅಚ್ಚಿನ ಹಾಳೆ ಕೊಟ್ಟಳು. ಕೇಳದೆ ಯಾವ ವಿಟಮಿನ್ನನ್ನೂ, ಆಂಟಿಆಕ್ಸಿಡೆಂಟನ್ನೂ ತೆಗೆದುಕೊಳ್ಳಬೇಡಿ ಎಂದು ದಪ್ಪಕ್ಷರದಲ್ಲಿತ್ತು. ಅಕ್ಕ ಕನ್ನಡಕ ತಂದಿರಲಿಲ್ಲ, ಹಾಳೆಯನ್ನು ಅವನ ಕೈಗಿತ್ತಳು. ಅವನು ಓದಿದ. ತಾನು ಕೊಟ್ಟದ್ದರ ಹೆಸರೇ ಅಲ್ಲಿತ್ತು. ಇದೆಲ್ಲ ಏನೂ ತಿಳಿಯದವರಿಗೆ ಬರೆದದ್ದು ಎಂದು ಹೇಳಿ ಮಡಚಿ ಜೇಬಿಗಿಟ್ಟುಕೊಂಡ. ಮಾತ್ರೆ ನಿಲ್ಲಿಸು ಎನ್ನಬೇಕಾದರೆ ಕೊಟ್ಟದ್ದು ತಪ್ಪಾಯಿತು ಎನ್ನಬೇಕು. ಆ ಒಂದು ಮಾತಿಗೆ ಅವನ ನಾಲಿಗೆ ಹೊರಳಲಿಲ್ಲ. ಹೀಗೆ ನಾಲ್ಕು ಸಲದ ಕೀಮೋ ಮುಗಿಯಿತು, ನಾಲ್ಕು ಕವರೂ ಮುಗಿದವು.

ಈಗ ಸ್ಕ್ಯಾನಿನ ಫಲಿತಾಂಶ ಬಂದಿತ್ತು. ಡಾಕ್ಟರಮ್ಮ ಸುತ್ತುಬಳಸದೆ ಹೇಳಿದರು, ಗಡ್ಡೆ ಕರಗಿಲ್ಲ, ಕೂದಲೆಳೆಯಷ್ಟು ಬೆಳೆದಿದೆ. ಮದ್ದು ಬದಲಿಸಬೇಕು, ನಾಳೆಯೇ. ಹೊಸ ಮದ್ದಿಗೆ ಬೆರಳ ತುದಿಗಳು ಜೋಮು ಹಿಡಿಯಬಹುದು, ಕೆಲವರಿಗೆ ಅದು ಬಿಡುವುದೇ ಇಲ್ಲ. ಅಕ್ಕ ತನ್ನ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯಾ ಎಂದು ಡಾಕ್ಟರಮ್ಮ ಕೇಳಿದರು. ಏನೂ ಇಲ್ಲ ಎಂದಳು ಅಕ್ಕ. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಳು, ಅವನು ಕೂತು ಕೇಳುತ್ತಿದ್ದ.

ಮತ್ತೆ ಮೊದಲಿನ ಮದ್ದು ನನಗೆ ಯಾಕೆ ಹಿಡಿಯಲಿಲ್ಲ ಎಂದು ಅವಳು ಕೇಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ವಿವರಿಸಿದರು. ಇದುವರೆಗೆ ಕೊಟ್ಟ ಮದ್ದು ಕ್ಯಾನ್ಸರ್ ಕಣಗಳನ್ನು ಕೊಲ್ಲುವ ದಾರಿಗಳಲ್ಲಿ ಒಂದು ಎಂದರೆ ಅವುಗಳ ಒಳಗೆ ಕಿಡಿ ಹಚ್ಚುವುದು. ಆಕ್ಸಿಜನ್ನಿನಿಂದ ಹುಟ್ಟುವ ಆ ಕಿಡಿಗಳು ಮಿತಿ ಮೀರಿದರೆ ಕಣ ಒಳಗೇ ಸುಟ್ಟುಹೋಗುತ್ತದೆ. ಅದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು. ಕೆಲವು ಕಣಗಳು ಗಟ್ಟಿ, ಕಿಡಿ ಆರಿಸುವ ವ್ಯವಸ್ಥೆಯನ್ನು ತಾವೇ ಬೆಳೆಸಿಕೊಂಡು ಬದುಕಿಬಿಡುತ್ತವೆ. ಆಮೇಲೆ ಮದ್ದಿಗೆ ಬಗ್ಗುವುದಿಲ್ಲ.

ಆಂಟಿಆಕ್ಸಿಡೆಂಟಿನ ಕೆಲಸವೂ ಕಿಡಿ ಆರಿಸುವುದೇ. ಕಿಡಿ ಆರಿಸುವ ಸಾಮಾನನ್ನು ಕವರಿಗೆ ತುಂಬಿ, ಗೀಟೆಳೆದು ಕೊಟ್ಟವನು ತಾನು.

"ಮೇಡಂ, ತಗೊಂಡಿದಾಳೆ," ಎಂದ. "ನಾನೇ ಕೊಟ್ಟಿದ್ದು. ದಿನಕ್ಕೆ ಎರಡು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗಿರುತ್ತಿತ್ತು. ಹೆಸರು, ಡೋಸು, ಎಂದಿನಿಂದ ಎಂದು ಕೇಳಿ ಬರೆದುಕೊಂಡರು. ಗಡ್ಡೆ ತಾನಾಗಿಯೇ ಬಗ್ಗದೆ ಇದ್ದಿರಬಹುದು, ಮಾತ್ರೆಯಿಂದಲೇ ಹೀಗಾಯಿತು ಎಂದು ಯಾರೂ ಹೇಳಲಾರರು ಎಂದರು. ನಾಳೆಯ ಮದ್ದನ್ನು ಸದ್ಯಕ್ಕೆ ತಡೆದು, ಬದಲಿಸಬೇಕೋ ಬೇಡವೋ ಎಂದು ಉಳಿದ ಡಾಕ್ಟರುಗಳ ಜೊತೆ ಮಾತಾಡುತ್ತೇನೆ ಎಂದರು.

"ಮದ್ದೇ ಸೋತಿತೋ, ನಾವೇ ಅದರ ಕೈ ಕಟ್ಟಿ ಹಾಕಿದ್ವೋ, ಈಗ ನನಗೂ ಗೊತ್ತಾಗಲ್ಲ ನೋಡಿ," ಎಂದರು. ನಾವು ಎಂದದ್ದು ಬರೀ ದಾಕ್ಷಿಣ್ಯಕ್ಕೆ.

ಹೊರಗೆ ಬಂದು ಇಬ್ಬರೂ ಬೆಂಚಿನ ಮೇಲೆ ಕೂತರು. ಆ ದಿನ ನರ್ಸು ಕೊಟ್ಟ ಹಾಳೆಯಲ್ಲಿ ಇದೇ ಬರೆದಿತ್ತಾ ಎಂದು ಅಕ್ಕ ಕೇಳಿದಳು. ಅವನು ಹೂಂ ಎಂದ. ನೆಲದ ಟೈಲ್ಸ್ ನೋಡುತ್ತ ಕೂತ.

"ಎರಡಲ್ಲ ಕಣೋ," ಎಂದಳು ಅಕ್ಕ.

ಅವನಿಗೆ ಅರ್ಥವಾಗಲಿಲ್ಲ.

"ಅರ್ಧ ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ತಗೋಬೇಕು ಅಂತ ಅಂಗಡೀಲಿ ಎಲ್ಲರಿಗೂ ಹೇಳ್ತೀಯಲ್ಲ. ನಾನೂ ಹಾಗೇ ಮಾಡ್ತಿದ್ದೆ. ಒಂದೊಂದು ದಿನ ಐದಾರು ಆಗ್ತಿತ್ತು. ಕವರು ಬೇಗ ಖಾಲಿಯಾದ್ರೆ ನೀನು ಬೈತೀಯ ಅಂತ ಪಕ್ಕದ ಬೀದಿ ಅಂಗಡಿಯಿಂದ ತರಿಸ್ಕೋತಿದ್ದೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಅವನ ಕೈ ಎಳೆದು ಕೆಳಗಿಳಿಸಿದಳು. ಸಮಾಧಾನ ಮಾಡಲು ಅಲ್ಲ.

"ನೀನು ಹೇಳಿದ ಲೆಕ್ಕಾನೇ ಅವರು ಬರ್ಕೊಂಡಿದಾರೆ," ಎಂದಳು. "ಒಳಗೆ ಹೋಗಿ ತಪ್ಪು ಅಂತ ಹೇಳಿ ಬಾ."

ಅವನು ಎದ್ದ. ಬಾಗಿಲ ಮುಂದೆ ಬೇರೆ ರೋಗಿಗಳ ಸಾಲಿತ್ತು. ಸಾಲಿನ ಕೊನೆಗೆ ಹೋಗಿ ನಿಂತ.