ನ್ಯಾಟ್ರಸ್ ಮನೆಯ ಸ್ವಿಚ್ಚು

ಏವಿಸ್ ನ್ಯಾಟ್ರಸ್ ಫೋನ್ ಮಾಡಿದಾಗ ಜನೀನ್ ಪೀರ್ಟ್ ತನ್ನ ವ್ಯಾನಿನಲ್ಲಿ ಕೂತು ಮಧ್ಯಾಹ್ನದ ಬ್ರೆಡ್ಡು ತಿನ್ನುತ್ತಿದ್ದಳು. ಆ ಹೆಸರು ಕಿವಿಗೆ ಬಿದ್ದದ್ದೇ ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

"ಹಿತ್ತಲಿನ ಫ್ರಾಸ್ಟ್ ಥರ್ಮೋಸ್ಟಾಟ್ ಒಂದ್ಸಲ ನೋಡಿ ಹೋಗು ಮಗಳೇ," ಎಂದಳು ಏವಿಸ್. "ಕ್ರಿಸ್‌ಮಸ್‌ಗೆ ರೂತ್ ಮನೆಗೆ ಹೋಗ್ತಿದೀನಿ. ಹತ್ತು ದಿನ ಮನೆ ಖಾಲಿ. ಹೋದ್ ಸಲದ ಹಾಗೆ ಆಗ್ಬಾರ್ದು."

"ಗುರುವಾರ ಬರ್ತೀನಿ, ಮಿಸೆಸ್ ನ್ಯಾಟ್ರಸ್," ಎಂದಳು ಜನೀನ್. ಬೇರೆ ಯಾರನ್ನಾದರೂ ಕರೆಸಿಕೊಳ್ಳಿ ಎನ್ನಬೇಕೆಂದು ಬಾಯಿ ತೆರೆದಿದ್ದಳು. ಹೊರಬಂದದ್ದು ಇದು.

ನೆಂಟ್‌ಹೆಡ್ ಬೆಟ್ಟದ ನೆತ್ತಿಯ ಊರು. ಕೆಳಗಿನ ಕಣಿವೆಯಲ್ಲಿ ಎಲೆ ಉದುರುವ ಹೊತ್ತಿಗೆ ಇಲ್ಲಿ ತೊಟ್ಟಿಯ ನೀರು ಗಟ್ಟಿಯಾಗಿರುತ್ತದೆ. ಆ ಊರಿನ ಮನೆಗಳನ್ನು ಬೆಚ್ಚಗಿಡುವ ಬಾಯ್ಲರುಗಳನ್ನೆಲ್ಲ ಜನೀನ್‌ನ ಅಪ್ಪ ನೋಡಿಕೊಳ್ಳುತ್ತಿದ್ದ, ಅವನು ಕೆಲಸ ಬಿಟ್ಟ ಮೇಲೆ ಇಪ್ಪತ್ತು ವರ್ಷದಿಂದ ಅವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಚಹಾ ನೀರಾಗಿರುತ್ತದೆ, ಎಲ್ಲ ಅವಳಿಗೆ ಗೊತ್ತು. ಜನರೂ ಅವಳನ್ನು ನೆಚ್ಚಿದ್ದರು. ಪೀರ್ಟ್ ಮನೆಯವಳು ನೋಡಿದ್ದಾಳೆ ಎಂದರೆ ಮುಗಿಯಿತು, ಮತ್ತೆ ಯಾರೂ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ.

ಹಿಂದಿನ ವರ್ಷದ ಅಕ್ಟೋಬರಿನಲ್ಲಿ ನ್ಯಾಟ್ರಸ್ ಮನೆಗೆ ಹೋಗಿದ್ದಾಗಲೂ ಹಾಗೆಯೇ. ಹಿತ್ತಲಿನ ಕಲ್ಲು ಕೋಣೆಯಲ್ಲಿ ಬಾಯ್ಲರು, ಅದರ ಪಕ್ಕದ ಗೋಡೆಯ ಮೇಲೆ ಥರ್ಮೋಸ್ಟಾಟಿನ ಪುಟ್ಟ ಡಬ್ಬಿ. ಮನೆಯಲ್ಲಿ ಯಾರೂ ಇಲ್ಲದಿರಲಿ, ಬಾಯ್ಲರಿನ ಗಡಿಯಾರ ಆರಿಸಿರಲಿ, ಚಳಿ ಐದು ಡಿಗ್ರಿಗಿಂತ ಕೆಳಗಿಳಿದರೆ ಆ ಡಬ್ಬಿ ಬಾಯ್ಲರನ್ನು ತಾನೇ ಹೊತ್ತಿಸಬೇಕು. ಕೊಳವೆಗಳಲ್ಲಿ ಬಿಸಿನೀರು ಒಂದು ಸುತ್ತು ಹರಿದು ಮನೆ ಉಳಿಯಬೇಕು. ಜನೀನ್ ಅವತ್ತು ಗುಂಡಿಯನ್ನು ಮೇಲಕ್ಕೆ ತಿರುಗಿಸಿ ಬಾಯ್ಲರು ಹೊತ್ತುವುದನ್ನು ನೋಡಿದ್ದಳು. ಅಷ್ಟರಲ್ಲಿ ಫೋನು ಬಂತು. ಅಪ್ಪ ಮೆಟ್ಟಿಲ ಮೇಲಿಂದ ಬಿದ್ದಿದ್ದ. ಅವಳು ಗುಂಡಿಯನ್ನು ಒಂದೇ ಏಟಿಗೆ ಹಿಂದಕ್ಕೆ ತಿರುಗಿಸಿ, ಮುಚ್ಚಳ ಹಾಕಿ ಓಡಿದ್ದಳು.

ಜನವರಿಯಲ್ಲಿ ಏವಿಸ್ ಮತ್ತು ಅವಳ ಗಂಡ ಕ್ಲಿಫ್ ಮಗಳು ರೂತ್ ಮನೆಗೆ ಹೋಗಿದ್ದಾಗ ಒಂದು ವಾರ ಊರೇ ಹೆಪ್ಪುಗಟ್ಟಿತು. ವಾರದ ಕೊನೆಗೆ ಬಿಸಿಲು ಕಂಡಿತು. ಆ ಬೆಳಿಗ್ಗೆ ನ್ಯಾಟ್ರಸ್ ಮನೆಯ ಬಾಗಿಲಡಿಯಿಂದ ನೀರು ಬರುವುದನ್ನು ಪಕ್ಕದವರು ಕಂಡು ಜನೀನ್‌ಗೆ ಹೇಳಿಕಳಿಸಿದರು. ಮೊದಲು ಒಳಗೆ ಕಾಲಿಟ್ಟವಳು ಅವಳೇ. ಅಟ್ಟದಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಸೀಳಿಹೋಗಿತ್ತು, ಕರಗಿದ್ದೇ ನೀರೆಲ್ಲ ಸುರಿದಿತ್ತು. ಚಾವಣಿಯ ಗಾರೆ ಮಹಡಿಯ ಕೋಣೆಯ ಮೇಲೆ ಕುಸಿದಿತ್ತು. ಅದು ಕ್ಲಿಫ್‌ನ ಕೋಣೆ. ಸುತ್ತಲಿನ ಹಾಳುಬಿದ್ದ ಸೀಸದ ಗಣಿಗಳಿಗೆ ಮೂವತ್ತು ವರ್ಷ ಇಳಿದು, ಒಂದೊಂದು ಸುರಂಗವನ್ನೂ ಹೆಜ್ಜೆಯಲ್ಲಿ ಅಳೆದು, ಅವನು ಶಾಯಿಯಲ್ಲಿ ಬರೆದಿಟ್ಟ ನಕ್ಷೆಗಳೆಲ್ಲ ಅಲ್ಲಿದ್ದವು. ಅವು ನೆಲದ ಮೇಲೆ ನೀಲಿ ಅಂಬಲಿಯಾಗಿದ್ದವು.

ಜನೀನ್ ನೀರು ನಿಲ್ಲಿಸಿ ಹಿತ್ತಲಿಗೆ ಹೋದಳು. ಬಾಯ್ಲರಿಗೆ ಕರೆಂಟು ಕೊಡುವ ಗೋಡೆಯ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದಳು. ಮುಳ್ಳು ಐದರ ಮೇಲಿರಲಿಲ್ಲ. ಸೊನ್ನೆಯನ್ನೂ ದಾಟಿ, ತಳದ ಕೊನೆಯ ಗೆರೆಯ ಮೇಲೆ ನಿಂತಿತ್ತು. ಅವಳ ಕೈ ಅವಳನ್ನು ಕೇಳಲಿಲ್ಲ. ಗುಂಡಿಯನ್ನು ಐದಕ್ಕೆ ತಂದಿಟ್ಟಿತು. ಆಮೇಲೆ ನೀರು ತುಂಬಿದ ಮನೆಯಲ್ಲಿ ಮಾಡಬೇಕಾದಂತೆ ಸ್ವಿಚ್ಚು ಆರಿಸಿ ಕೆಲಸಕ್ಕೆ ಇಳಿದಳು. ಮೂರು ದಿನದ ಮೇಲೆ ವಿಮೆಯವನು ಬಂದು ನೋಡಿಕೊಂಡು ಹೋದ. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೆಟ್ಟ ಚಳಿ ಎಂದು ಊರು ಮಾತಾಡಿಕೊಂಡಿತು. ಅವಳೂ ಹೂಂಗುಟ್ಟಿದಳು. ಆಗಸ್ಟಿನಲ್ಲಿ ಕ್ಲಿಫ್ ತೀರಿಕೊಂಡಾಗ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಕೂತು, ಹಾಡು ಮುಗಿಯುವ ಮೊದಲೇ ಎದ್ದು ಬಂದಿದ್ದಳು.

ಗುರುವಾರ ಹತ್ತು ಗಂಟೆಗೆ ಅವಳು ಹೋದಾಗ ಏವಿಸ್ ಕೋಟು ಹಾಕಿಕೊಂಡು ಹಿತ್ತಲಲ್ಲೇ ಕಾಯುತ್ತಿದ್ದಳು. ಎಪ್ಪತ್ತೆರಡರ ಹೆಂಗಸು, ವರ್ಷದಲ್ಲಿ ಅರ್ಧಕ್ಕೆ ಇಳಿದುಹೋಗಿದ್ದಳು.

"ಬಂದ್ಯಾ? ನೀನು ಬರಲ್ಲ ಅನ್ಕೊಂಡಿದ್ದೆ. ದಾರೀಲಿ ಸಿಕ್ಕಿದ್ರೂ ಮುಖ ತಿರುಗಿಸ್ಕೊಂಡು ಹೋಗ್ತೀಯ. ಸತ್ತ ಮನೆಯೋರು ಏನು ಕಚ್ತಾರೇನೆ?"

"ಕೆಲ್ಸ ಜಾಸ್ತಿ, ಮಿಸೆಸ್ ನ್ಯಾಟ್ರಸ್."

"ನಿಮ್ಮಪ್ಪನೂ ಹಂಗೇ ಅಂತಿದ್ದ. ಕೆಲ್ಸ ಅಂದ್ರೆ ಬಿಯರ್ ಅಂಗಡಿ."

ಜನೀನ್‌ಗೆ ನಗು ಬರಲಿಲ್ಲ. ಕೈಚೀಲ ಇಳಿಸಿ ಮುಚ್ಚಳದ ತಿರುಪು ಬಿಚ್ಚತೊಡಗಿದಳು. ಏವಿಸ್ ಬಾಗಿಲಿಗೆ ಒರಗಿ ನಿಂತು ಗೋಡೆಯ ಸ್ವಿಚ್ಚನ್ನೇ ನೋಡುತ್ತಿದ್ದಳು.

"ಇದ್ರ ಮೇಲೆ ಒಂದು ಪಟ್ಟಿ ಅಂಟಿಸಿಬಿಡ್ತೀಯಾ? ಮುಟ್ಟಬೇಡ ಅಂತ ದೊಡ್ಡದಾಗಿ ಬರ್ದು. ನನ್ನ ಕೈ ನಂಬೋಕಾಗಲ್ಲ."

"ಯಾಕೆ?"

"ಯಾಕೆ ಅಂದ್ರೆ? ಹೋದ್ ಸಲ ಹೋಗ್ತಾ ಆರಿಸಿಬಿಟ್ಟವಳು ನಾನೇ ಅಲ್ವಾ? ಕ್ಲಿಫ್ ಕಾರಲ್ಲಿ ಕೂತಿದ್ದ. ಮನೆ ಬೀಗ ಹಾಕಿದ್ದು ನಾನು. ಇಸ್ತ್ರಿ ಪೆಟ್ಟಿಗೆ, ಒಲೆ, ಎಲ್ಲಾ ಆರಿಸ್ತಾ ಬಂದೆ. ಇದನ್ನೂ ಆರಿಸಿದೀನಿ. ನೆನಪೇ ಇಲ್ಲ ನೋಡು. ಆದ್ರೆ ವಿಮೆಯವನು ಬಂದಾಗ ಸ್ವಿಚ್ಚು ಆರಿತ್ತಂತೆ. ಕಾಗದದಲ್ಲೇ ಬರೆದಿದ್ದಾನೆ. ಥರ್ಮೋಸ್ಟಾಟ್ ಸರಿಯಾಗೇ ಐದರಲ್ಲಿತ್ತು, ಕರೆಂಟೇ ಇರ್ಲಿಲ್ಲ ಅಂತ."

ಜನೀನ್ ಮುಚ್ಚಳವನ್ನು ಬಾಯ್ಲರಿನ ಮೇಲಿಟ್ಟಳು.

"ಕ್ಲಿಫ್ ಏನಂದ್ರು?"

"ಏನೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆ ಕೋಣೆ ಬಾಗಿಲು ಹಾಕ್ದ, ಮತ್ತೆ ಮೇಲೆ ಹೋಗ್ಲೇ ಇಲ್ಲ. ಊಟಕ್ಕೆ ಬಾ ಅಂದ್ರೆ ಬರೋನು, ತಿನ್ನೋನು, ಎದ್ದು ಹೋಗೋನು. ಏಳು ತಿಂಗ್ಳು. ರೂತ್ ಅಂತೂ ಮುಖಕ್ಕೇ ಅಂದ್ಲು, ಅಪ್ಪನ ಜೀವಮಾನ ಎಲ್ಲಾ ನೀನು ಒಂದು ಬೆರಳಲ್ಲಿ ಅಳಿಸಿಬಿಟ್ಟೆ ಅಂತ." ಏವಿಸ್ ಮೂಗು ಒರೆಸಿಕೊಂಡಳು. "ಕೊನೇಗೆ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಹೋಗ್ಲಿ ಬಿಡೇ ಏವಿಸ್, ನಾನು ಕ್ಷಮಿಸಿದೀನಿ ಅಂದ. ಅದೊಂದು ಸಿಕ್ತಲ್ಲ. ಅಷ್ಟು ಸಾಕು."

ಜನೀನ್ ಸುಮ್ಮನಿರಬಹುದಿತ್ತು. ಗಂಡ ಹೋಗಿಯಾಗಿತ್ತು, ಏವಿಸ್‌ಗೆ ಸಮಾಧಾನವೂ ಒಂದು ಬಗೆಯಲ್ಲಿ ಸಿಕ್ಕಿಯಾಗಿತ್ತು. ಬಾಯಿ ಬಿಟ್ಟರೆ ಆ ಸಮಾಧಾನವೂ ಹೋಗುತ್ತಿತ್ತು. ಆದರೆ ಜನೀನ್ ಆರಿಸಿದ ಸ್ವಿಚ್ಚಿನ ಪಾಪವನ್ನು ಈ ಹೆಂಗಸು ತಲೆಯ ಮೇಲೆ ಹೊತ್ತು ನಿಂತಿರುವುದನ್ನು ಕಂಡಮೇಲೆ ಅವಳಿಗೆ ಪಟ್ಟಿ ಅಂಟಿಸಲು ಆಗಲಿಲ್ಲ.

"ನೀವು ಆರಿಸಿರ್ಲಿಲ್ಲ, ಮಿಸೆಸ್ ನ್ಯಾಟ್ರಸ್. ನಾನು ಬಂದಾಗ ದೀಪ ಉರೀತಿತ್ತು. ಆರಿಸಿದ್ದು ನಾನು, ನೀರು ಸೋರ್ತಿತ್ತಲ್ಲ, ಅದಕ್ಕೆ."

ಏವಿಸ್ ಅರ್ಥವಾಗದವಳಂತೆ ನೋಡಿದಳು. "ಮತ್ತೆ ಬಾಯ್ಲರು ಯಾಕೆ ಹೊತ್ಲಿಲ್ಲ?"

"ಗುಂಡಿ ತಳದಲ್ಲಿತ್ತು. ಅಕ್ಟೋಬರಲ್ಲಿ ಪರೀಕ್ಷೆ ಮಾಡಿ ಐದಕ್ಕೆ ತರ್ಬೇಕಿತ್ತು, ಅಪ್ಪ ಬಿದ್ದ ಅಂತ ಫೋನ್ ಬಂತು, ಗಡಿಬಿಡೀಲಿ ಪೂರ್ತಿ ತಿರುಗಿಸಿಬಿಟ್ಟಿದ್ದೆ. ನೀರು ಸೋರ್ದ ದಿನ ನೋಡ್ದೆ. ನೋಡಿ, ವಿಮೆಯವನು ಬರೋಕೆ ಮುಂಚೆ ಐದಕ್ಕಿಟ್ಟೆ. ನಿಮ್ಮ ತಲೆಗೆ ಬಂದಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ..."

"ಗೊತ್ತಿದ್ರೆ ಏನು ಮಾಡ್ತಿದ್ದೆ?"

ಜನೀನ್ ಬಿಚ್ಚಿದ ತಿರುಪುಗಳನ್ನು ಒಂದೊಂದಾಗಿ ಮುಚ್ಚಳದೊಳಗಿಟ್ಟಳು. ಏನು ಮಾಡುತ್ತಿದ್ದಳೋ ಅವಳಿಗೂ ತಿಳಿದಿರಲಿಲ್ಲ.

ಏವಿಸ್ ಇದ್ದಿಲಿನ ಪೆಟ್ಟಿಗೆಯ ಮೇಲೆ ಕೂತಳು.

"ಮಾಡದೇ ಇರೋ ತಪ್ಪಿಗೆ ಕ್ಷಮೆ ತಗೊಂಡೆನಲ್ಲೇ ನಾನು," ಎಂದಳು. "ಥ್ಯಾಂಕ್ಸ್ ಅಂತ ಬೇರೆ ಅಂದೆ ಅವ್ನಿಗೆ. ಏಳು ತಿಂಗ್ಳಿತ್ತಲ್ಲೇ ನಿಂಗೆ. ಒಂದೇ ಒಂದು ದಿನ ಬಂದು ಅವ್ನಿಗೆ ಹೇಳೋಕಾಗ್ಲಿಲ್ವಾ? ಅವನು ನಿನ್ನ ಕ್ಷಮಿಸ್ತಿದ್ದ. ನಗ್ತಾ ಕ್ಷಮಿಸ್ತಿದ್ದ. ನಿಮ್ಮಪ್ಪ ಅಂದ್ರೆ ಅವ್ನಿಗೆ ಪ್ರಾಣ."

"ಹೆದರಿದ್ದೆ."

"ಹೂಂ. ಎಲ್ರೂ ಹೆದರ್ತಾರೆ."

ಏವಿಸ್ ಕೊನೆಗೆ ಗೋಡೆ ಹಿಡಿದು ಎದ್ದಳು. "ಬಂದ ಕೆಲ್ಸ ಮುಗ್ಸು. ನಂಗೆ ತೋರ್ಸಿ ಮಾಡು. ಇನ್ನು ಮೇಲೆ ನಾನೇ ನೋಡ್ಕೋತೀನಿ."

ಜನೀನ್ ತೋರಿಸಿದಳು. ಕೋಣೆಯಲ್ಲಿ ಅವತ್ತು ಎಂಟು ಡಿಗ್ರಿ ಇತ್ತು. ಗುಂಡಿಯನ್ನು ನಿಧಾನ ಮೇಲಕ್ಕೆ ತಿರುಗಿಸಿದಾಗ ಎಂಟು ದಾಟುತ್ತಲೇ ಟಿಕ್ ಎಂದಿತು, ಬಾಯ್ಲರು ಗುಡುಗಿ ಹೊತ್ತಿಕೊಂಡಿತು. ಇಬ್ಬರೂ ಕೊಳವೆಯ ಮೇಲೆ ಕೈಯಿಟ್ಟು ಬಿಸಿ ಏರುವುದನ್ನು ಕಾದರು. ಮನೆಯೆಲ್ಲ ಸುತ್ತಿ ನೀರು ಮರಳಿ ಬರುವ ಕೊಳವೆಗೆ ಕಟ್ಟಿದ ಇನ್ನೊಂದು ಡಬ್ಬಿ ಇಪ್ಪತ್ತೈದಕ್ಕೆ ಬಂದಾಗ ಬೆಂಕಿ ತಾನಾಗಿ ಆರಿತು. "ಈಗ ಹಿಂದಕ್ಕೆ. ಐದಕ್ಕೆ. ನೀವೇ," ಎಂದಳು ಜನೀನ್. ಏವಿಸ್ ಕನ್ನಡಕ ಏರಿಸಿಕೊಂಡು ತಿರುಗಿಸಿದಳು, ಮೂರು ಸಲ ಬಗ್ಗಿ ನೋಡಿದಳು, ಜನೀನ್‌ಗೂ ನೋಡಲು ಹೇಳಿದಳು. "ಊರಿಗೆ ಹೋಗುವಾಗ ಸ್ವಿಚ್ಚಿನ ದೀಪ ಉರೀತಾ ಇರ್ಲಿ, ಅಷ್ಟೇ," ಎಂದಳು ಜನೀನ್.

"ಈಗ ಒಳಗೆ ಬಾ," ಎಂದಳು ಏವಿಸ್. " ನೀನು ಹೇಳಿದ್ದನ್ನೆಲ್ಲ ಬರ್ದು ಕೊಡು. ರೂತ್‌ಗೆ ಕಳಿಸ್ಬೇಕು."

ಅಡುಗೆಮನೆಯ ಮೇಜಿನ ಮೇಲೆ ಏವಿಸ್ ಒಂದು ಹಾಳೆ, ಪೆನ್ನು ಇಟ್ಟಳು. ಚಹಾ ಕೊಡಲಿಲ್ಲ. ಆ ಮನೆಯಲ್ಲಿ ಚಹಾ ಕುಡಿಯದೆ ಯಾರೂ ಎದ್ದು ಹೋದದ್ದಿರಲಿಲ್ಲ. ಜನೀನ್ ಮೊದಲಿನಿಂದ ಬರೆದಳು, ಅಪ್ಪ ಬಿದ್ದದ್ದನ್ನು ಬರೆದು ಆಮೇಲೆ ಹೊಡೆದುಹಾಕಿದಳು, ಕೆಳಗೆ ಸಹಿ ಹಾಕಿದಳು. ಏವಿಸ್ ತುಟಿಯಾಡಿಸುತ್ತ ಓದಿದಳು.

"ವಿಮೆಯೋರಿಗೂ ಬೇಕಾದ್ರೆ ಕಳಿಸಿ," ಎಂದಳು ಜನೀನ್. "ನನ್ನ ಪರವಾನಗಿ ಹೋದ್ರೆ ಹೋಗ್ಲಿ."

"ಅವರನ್ನ ಕಟ್ಕೊಂಡು ನಂಗೇನಾಗ್ಬೇಕು?" ಏವಿಸ್ ಹಾಳೆ ಮಡಚಿದಳು. "ನೀನಿನ್ನು ಹೊರಡು. ಮುಂದಿನ ವರ್ಷ ಬರ್ಬೇಡ. ಸಿಟ್ಟಿಗೆ ಹೇಳ್ತಿಲ್ಲ. ನಿನ್ನ ನೋಡಿದಾಗೆಲ್ಲ ಅವ್ನು ಊಟ ಮಾಡಿ ಎದ್ದು ಹೋಗ್ತಿದ್ದದ್ದು ಕಣ್ಮುಂದೆ ಬರುತ್ತೆ."

ಜನೀನ್ ಚೀಲ ಎತ್ತಿಕೊಂಡು ಹೊರಟಳು. ವ್ಯಾನಿನಲ್ಲಿ ಕೂತಮೇಲೆ ಮುಂದಿನ ಮನೆಗೆ ಫೋನು ಮಾಡಿ, ಮೈ ಸರಿಯಿಲ್ಲ, ನಾಳೆ ಬರುತ್ತೇನೆ ಎಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಹಾಗೆ ಹೇಳಿದ್ದು.

ಎರಡು ವಾರದ ಮೇಲೆ, ಹೊಲಗಳೆಲ್ಲ ಹಿಮಕ್ಕೆ ಬೆಳ್ಳಗಾಗಿದ್ದ ಒಂದು ಮಧ್ಯಾಹ್ನ ರೂತ್ ಫೋನ್ ಮಾಡಿದಳು.

"ಅಮ್ಮ ಕಳಿಸಿದ ಕಾಗದ. ನಿಜಾನಾ?"

"ನಿಜ."

ಬೈಗುಳಕ್ಕೆ ಜನೀನ್ ಸಿದ್ಧಳಾಗಿ ನಿಂತಳು.

"ಅಪ್ಪನ್ನ ಮಣ್ಣು ಮಾಡಿದ ದಿನ ನಾನು ಅಮ್ಮನ ಪಕ್ಕ ಕೂತ್ಕೊಳ್ಲಿಲ್ಲ," ಎಂದಳು ರೂತ್. "ಬೇಕಂತ್ಲೇ ಬೇರೆ ಸಾಲಲ್ಲಿ ಕೂತಿದ್ದೆ. ಎಲ್ರೂ ನೋಡಿದ್ರು."

ಅಷ್ಟು ಹೇಳಿ ರೂತ್ ಫೋನು ಇಟ್ಟುಬಿಟ್ಟಳು.