ಹೆಬ್ಬೆಟ್ಟಿನ ಗೆರೆ

“ತಿಕ್ಕ ಬೇ ಮುದುಕಿ, ಇನ್ನೂ ಜೋರ ತಿಕ್ಕ. ನಿನ್ನ ಹೆಣಾ ಎತ್ಲಿ, ಹೆಬ್ಬೆಟ್ಟೇನ ಇದು? ಬೋಳ ಗುಂಡಕಲ್ಲ.”

ರೇಶನ್ ಅಂಗಡಿಯ ಕುಬೇರಪ್ಪ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬೈದದ್ದು ಅದು ಏಳನೆಯ ಸಲ. ಸಾಲಿನ ಮೊದಲಿಗಳಾದ ಮೆಹರುನಬಿ ಹೆಬ್ಬೆರಳನ್ನು ಮೆಟ್ಟಿಲ ಕಲ್ಲಿಗೆ ಉಜ್ಜಿ, ಸೆರಗಿನಿಂದ ಒರೆಸಿ, ಮತ್ತೆ ಮಷೀನಿಗೆ ಒತ್ತಿದಳು. ಮಷೀನು ಒಪ್ಪಲಿಲ್ಲ. ಹಿಂದಿದ್ದ ಇಪ್ಪತ್ತಮೂರು ಜನರಲ್ಲಿ ಯಾರೋ ನಕ್ಕರು. ನಗು ಸಾಲಿನ ಕೊನೆಯವರೆಗೂ ಹೋಯಿತು.

ನೂಲು ಒತ್ತಿ ಒತ್ತಿ ಜಮಖಾನೆ ನೇಯುವ ಹೆಂಗಸರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಅದಕ್ಕೇ ಪಡಿ ತರುವ ಮುಂಚೆ ಎರಡು ದಿನ ಮಗ್ಗ ಮುಟ್ಟದೆ, ಕೊಬ್ಬರಿ ಎಣ್ಣೆ ಸವರಿ ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಗೆರೆ ಮೂಡಲೆಂದು. ಈ ಸಲ ಅವಳು ಒಂದೇ ದಿನ ಬಿಟ್ಟಿದ್ದಳು. ಇಂದು ತಿಂಗಳ ಕಡೆಯ ದಿನ. ಹೆಬ್ಬೆಟ್ಟು ಬೀಳದಿದ್ದರೆ ಈ ತಿಂಗಳ ಅಕ್ಕಿ ಇಲ್ಲ. ಮನೆಯ ಡಬ್ಬಿ ನಿನ್ನೆಯೇ ಬರಿದಾಗಿತ್ತು.

“ತಪ್ಪಾತ್ರಿ ಸಾವ್ಕಾರ್ರ,” ಎಂದು ಪ್ರತಿ ಸಲವೂ ಅಂದಳು. ಸಾಲಿನವರತ್ತ ತಿರುಗಿಯೂ ಕೈಮುಗಿದಳು. ಹನ್ನೊಂದನೆಯ ಸಲ ಚರ್ಮ ಕಿತ್ತು ರಕ್ತ ಬಂತು.

ಆಗ ಅವಳ ಹಿಂದಿದ್ದ ನಾಗರತ್ನಾ ತನ್ನ ಫೋನು ಎತ್ತಿ ತೋರಿಸಿದಳು. “ಕಾಕಾ, ಮುಂಜಾನಿಂದ ನೆಟ್ಟ ಇಲ್ಲಲ್ರಿ?”

ಕುಬೇರಪ್ಪ ಎಲೆಗೆ ಸುಣ್ಣ ಹಚ್ಚಿದ. ಎಲ್ಲೋ ಗಲಾಟೆಯಾಗಿದ್ದಕ್ಕೆ ಸರಕಾರ ಇಡೀ ತಾಲೂಕಿಗೆ ಮೂರು ದಿನ ನೆಟ್ ಬಂದ್ ಮಾಡಿದೆ, ಅದಿಲ್ಲದೆ ಮಷೀನು ಯಾರ ಹೆಬ್ಬೆಟ್ಟನ್ನೂ ಒಪ್ಪುವುದಿಲ್ಲ, ತನಗೆ ನಿನ್ನೆಯೇ ಫೋನು ಬಂದಿತ್ತು ಎಂದ.

“ಮತ್ತ ಮದಲ ಹೇಳಬಾರದೇನ್ರಿ?”

“ಮುದುಕಿ ಎಷ್ಟ ತಿಕ್ಕತಾಳ ನೋಡೂಣು ಅಂತ.”

ಈ ಸಲ ಯಾರೂ ನಗಲಿಲ್ಲ. ನಕ್ಕವರು ನೆಲ ನೋಡಿದರು. ಹನ್ನೊಂದು ಸಲ ತಪ್ಪಾಯಿತೆಂದ ತನ್ನ ಬಾಯಿಯ ಮೇಲೆ ಮೆಹರುನಬಿಗೆ ಹೇಸಿಗೆಯಾಯಿತು. ಹೋಗಬೇಕೆಂದು ಬಗ್ಗಿ ಚೀಲ ಎತ್ತಿಕೊಂಡಾಗ ಅವನ ಕೆಳಗಿದ್ದ ಜಮಖಾನೆ ಕಂಡಿತು. ಅವಳೇ ನೇಯ್ದದ್ದು, ನಲವತ್ತು ದಿನದ ಕೆಲಸ.

ಚೀಲ ಕೆಳಗಿಟ್ಟು ಅಲ್ಲೇ ಕುಳಿತಳು. ಅಂಚಿನ ಗಂಟು ಬಿಚ್ಚಿ, ಎಳೆ ಹಿಡಿದು ಎಳೆದಳು.

“ಏನ ಮಾಡಾಕತ್ತಿ ಲೇ?”

“ನನ್ನ ಗೆರಿ ಇದರಾಗ ಅದಾವ್ರಿ. ತಗದ ಕೊಡತೇನಿ, ಮಷೀನಿಗೆ ಇಡ್ರಿ.”

ಅವನು ಬಾಯಿಗೆ ಬಂದಂತೆ ಬೈದ; ಏಳಲಿಲ್ಲ. ಎದ್ದರೆ ಜಮಖಾನೆ ಪೂರಾ ಅವಳ ಕೈಗೆ ಹೋಗುತ್ತಿತ್ತು. ಸಾಲು ಕದಲಲಿಲ್ಲ. ಒಂದೊಂದೇ ಎಳೆಗೆ ಕೆಂಪು ಹತ್ತಿಸುತ್ತ, ಅವಳು ಅವನ ಮೊಣಕಾಲಿನತ್ತ ಬಿಚ್ಚುತ್ತ ಬಂದಳು.