ಚಿಕ್ಕ ಗೇರು

ಗುಡ್ಡದ ಮಾವಿನ ತೋಪಿಗೆ ಪಿಕಪ್ ಹತ್ತಿಸುವ ಹೆಂಗಸು ನಮ್ಮ ಸುತ್ತಲಿನ ಹತ್ತು ಊರುಗಳಲ್ಲಿ ನಾನೊಬ್ಬಳೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬ ಇರದಿದ್ದರೆ ಆವಲಪ್ಪನ ಕಾಲು ನೆಟ್ಟಗಿರುತ್ತಿತ್ತು, ನಮ್ಮ ಮಾವನ ನೆಮ್ಮದಿಯೂ ಇದ್ದಲ್ಲೇ ಇರುತ್ತಿತ್ತು.

ನನಗೆ ಡ್ರೈವಿಂಗ್ ಕಲಿಸಿದವರು ಮಾವ ಮುನಿಕೃಷ್ಣಪ್ಪ. ಅವರ ಮಗ, ಅಂದರೆ ನನ್ನ ಗಂಡ ಮುರಳಿಮೋಹನ, ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುತ್ತಾರೆ. ಕಂಪನಿ ಬಸ್ಸಿನ ಕಿಟಕಿ ಪಕ್ಕದ ಸೀಟು ಬಿಟ್ಟರೆ ಬೇರೆ ಗಾಡಿಯ ಗೊಡವೆ ಅವರಿಗಿಲ್ಲ. ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಕೋಲಾರದ ಟೊಮೆಟೊ ತುಂಬಿಕೊಂಡು ನಾಗಪುರದವರೆಗೆ ಹೋಗಿಬಂದವರು. ಒಮ್ಮೆ ಹೋದ ದಾರಿಯನ್ನು ಎರಡನೇ ಸಲ ಯಾರನ್ನೂ ಕೇಳುತ್ತಿರಲಿಲ್ಲವಂತೆ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಊರಿನವರು ಮೂಗು ಮುರಿದಾಗ, ಗೇರಿಗೆ ಗಂಡಸು ಹೆಂಗಸು ಗೊತ್ತಾಗಲ್ಲ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದರು.

ನಮ್ಮ ಊರು ಶ್ರೀನಿವಾಸಪುರದಿಂದ ಆಂಧ್ರದ ಕಡೆಗಿದೆ. ತೋಪು ಗುಡ್ಡದ ಮಗ್ಗುಲಲ್ಲಿದೆ. ಮಳೆ ಬಿದ್ದರೆ ಆ ದಾರಿಯಲ್ಲಿ ಟ್ರ್ಯಾಕ್ಟರೇ ಏದುಸಿರು ಬಿಡುತ್ತದೆ. ಅದಕ್ಕೆಂದೇ ಮಾವ ಮುಳಬಾಗಿಲ ಕಡೆಯ ಕಲ್ಲು ಕ್ವಾರಿಯೊಂದರಲ್ಲಿ ಓಡಿದ್ದ ಹಳೆಯ ಪಿಕಪ್ಪನ್ನು ಹುಡುಕಿ ತಂದರು. ಅದಕ್ಕೆ ಎರಡು ಗೇರ್ ಕಡ್ಡಿ. ದೊಡ್ಡದು ಎಲ್ಲ ಗಾಡಿಗಳಲ್ಲೂ ಇರುವಂಥದ್ದೇ. ಪಕ್ಕದ ಮೋಟು ಕಡ್ಡಿಯನ್ನು ಮಾವ ಚಿಕ್ಕ ಗೇರು ಎನ್ನುತ್ತಿದ್ದರು. ಅದನ್ನು ಒಂದು ಕಡೆ ಹಾಕಿದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ಇನ್ನೊಂದು ಕಡೆ ಹಾಕಿದರೆ ನಾಲ್ಕೂ ಎಳೆಯುತ್ತವೆ. ಕೊನೆಯ ಜಾಗ ಲೋ. ಲೋಗೆ ಹಾಕಿದರೆ ಗಾಡಿ ಬಸುರಿಯ ಹಾಗೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ, ಆದರೆ ಎಂಥ ಏರನ್ನೂ ಬಿಡದೆ ಹತ್ತುತ್ತದೆ. ಲೋಗೂ ಉಳಿದ ಜಾಗಗಳಿಗೂ ನಡುವೆ ಒಂದು ಖಾಲಿ ಜಾಗವಿದೆ. ಚಿಕ್ಕ ಗೇರು ಅಲ್ಲಿ ನಿಂತುಬಿಟ್ಟರೆ ದೊಡ್ಡ ಗೇರು ಯಾವುದರಲ್ಲಿದ್ದರೂ ಒಂದೇ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಕಡ್ಡಿಯ ತಲೆಯ ಮೇಲಿನ ಅಕ್ಷರಗಳೆಲ್ಲ ಕ್ವಾರಿಯಲ್ಲೇ ಸವೆದುಹೋಗಿದ್ದವು. ಕಣ್ಣಿಗೆ ಕಾಣಲ್ಲ, ಕೈಗೆ ಟಕ್ ಅಂತ ತಾಕಬೇಕು, ಆಗಲೇ ಗೇರು ಬಿದ್ದ ಲೆಕ್ಕ ಎಂದು ಮಾವ ನೂರು ಸಲ ಹೇಳಿಕೊಟ್ಟಿದ್ದರು.

ನಮ್ಮ ಕಡೆ ಹ್ಯಾಂಡ್ ಬ್ರೇಕನ್ನು ಯಾರೂ ನಂಬುವುದಿಲ್ಲ. ಏರಿನಲ್ಲಿ ಗಾಡಿ ನಿಲ್ಲಿಸಿದರೆ ಫಸ್ಟ್ ಗೇರಿಗೆ ಹಾಕಿ ಇಳಿಯುವುದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು. ನಮ್ಮ ಮನೆಯಲ್ಲಿ ಗೇರು ನನ್ನದು, ಕಲ್ಲು ಮಾವನದು. ನಾನು ಲೋದಲ್ಲಿ ಹತ್ತಿಸುತ್ತಿದ್ದರೆ ಅವರು ಎರಡೂ ಕೈಯಿಂದ ಒಂದು ಕಲ್ಲು ಹಿಡಿದು ಗಾಡಿಯ ಪಕ್ಕದಲ್ಲೇ ನಡೆದು ಬರುತ್ತಿದ್ದರು. ಎಪ್ಪತ್ತೆರಡರ ಮುದುಕ ಜೊತೆಯಲ್ಲಿ ನಡೆಯುವಷ್ಟು ನಿಧಾನ ಆ ಗಾಡಿ. ಟಾರು ರಸ್ತೆಯಲ್ಲಿ ಮಂಡಿಗೆ ಹೋಗುವಾಗ ಮಾತ್ರ ಅವರೇ ಓಡಿಸುತ್ತಿದ್ದರು.

ಹೋದ ವರ್ಷ ಜೂನ್‌ನಲ್ಲಿ ತೋತಾಪುರಿ ಇಳಿಸುತ್ತಿದ್ದೆವು. ಹಿಂದಿನ ಸಂಜೆ ಮಳೆ ಬಿದ್ದು ನೆಲ ಮೆತ್ತಗಿತ್ತು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಕೆಳಗಿನ ಸಾಲು ಮುಗಿಯಿತು. ಗಾಡಿಯನ್ನು ಮೇಲಿನ ಸಾಲಿಗೆ ತರಲು ಮಾವ ಹೇಳಿದರು, ಕಲ್ಲು ತೆಗೆದರು. ನಾನು ಲೋದಲ್ಲಿ ಇಪ್ಪತ್ತು ಮಾರು ಹತ್ತಿಸಿ ನಿಲ್ಲಿಸಿದೆ. ದೊಡ್ಡ ಗೇರನ್ನು ಫಸ್ಟಿಗೆ ಹಾಕಿದೆ. ಅಷ್ಟಕ್ಕೇ ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದರ ಹಿಂದಿನ ವಾರ ನಾನು ಲೋದಲ್ಲೇ ಟಾರು ರಸ್ತೆಗೆ ಇಳಿದು, ಗೇರ್ ಬಾಕ್ಸ್ ಒಡೆದುಹಾಕುತ್ತೀಯಾ ಎಂದು ಎಲ್ಲರೆದುರು ಬೈಸಿಕೊಂಡಿದ್ದೆ. ಕಾಯಿ ಆಯುವ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಇನ್ನು ಅಂಥ ಮಾತು ಬರಬಾರದು ಎಂದು ಈಗಲೇ ಲೋ ತೆಗೆದುಬಿಡಲು ಚಿಕ್ಕ ಗೇರನ್ನು ಎಳೆದೆ. ಅದು ಬಿಗಿಯಾಗಿತ್ತು. ಅರ್ಧ ಬಂತು. ಕೈಗೆ ಟಕ್ ಎಂದು ತಾಕಲಿಲ್ಲ. ತಾಕಿತು ಎಂದುಕೊಂಡೆ. ಹೆಂಗಸರು ನೋಡುತ್ತಿದ್ದರು, ಬಾಗಿಲು ತೆಗೆದು ಒಂದೇ ನೆಗೆತಕ್ಕೆ ಇಳಿದೆ.

ನಾನು ಬ್ರೇಕಿನಿಂದ ಕಾಲು ತೆಗೆಯುವ ಮೊದಲೇ ಮಾವ ಕಲ್ಲು ಕೊಟ್ಟಿದ್ದರು. ಅವರು ಬಗ್ಗಿದ್ದನ್ನು, ಕೈ ಒರೆಸಿಕೊಳ್ಳುತ್ತ ಎದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಓದುಗರು ನೆನಪಿಡಬೇಕು, ಏಕೆಂದರೆ ಇದಕ್ಕೆ ಇನ್ನು ಬೇರೆ ಸಾಕ್ಷಿ ಇಲ್ಲ.

ಅರ್ಧ ಗಂಟೆ ಕ್ರೇಟು ತುಂಬಿದೆವು. ಭಾರ ಏರುತ್ತ ಹೋಯಿತು. ಗೇರು ಹಿಡಿದಿದ್ದರೆ ಕಲ್ಲಿನ ಮೇಲೆ ಅಷ್ಟು ಭಾರ ಬೀಳುತ್ತಿರಲಿಲ್ಲ. ಗಾಡಿಯ ಪೂರ್ತಿ ಭಾರ ಆ ಒಂದು ಕಲ್ಲಿನ ಮೇಲಿತ್ತು, ಕಲ್ಲು ಹಸಿ ಮಣ್ಣಿನಲ್ಲಿ ಇಳಿಯುತ್ತಿತ್ತು. ಕೆಳಗಡೆ ಆವಲಪ್ಪ ಗಾಡಿಗೆ ಬೆನ್ನು ಹಾಕಿ ಕೂತು ಕಾಯಿ ವಿಂಗಡಿಸುತ್ತಿದ್ದ. ಆವಲಪ್ಪ ಮಾವನ ಬಾಲ್ಯದ ಗೆಳೆಯ, ಪ್ರತಿ ಸುಗ್ಗಿಗೂ ಬಂದು ನಿಲ್ಲುವವನು. ಎಂಜಿನ್ ಆಫ್ ಆಗಿದ್ದ ಗಾಡಿ ಸದ್ದೇ ಇಲ್ಲದೆ ಹಿಂದಕ್ಕೆ ಹೊರಟಿತು. ಯಾರೋ ಕೂಗಿದರು. ಅವನು ಪಕ್ಕಕ್ಕೆ ಉರುಳಿದ, ಆದರೆ ಎಡಗಾಲು ಚಕ್ರಕ್ಕೆ ಸಿಕ್ಕಿತು. ಗಾಡಿ ಕೆಳಗಿನ ಮರಕ್ಕೆ ಗುದ್ದಿ ನಿಂತಿತು.

ಮೊದಲು ಎಲ್ಲರೂ ಕೇಳಿದ್ದು ಒಂದೇ ಮಾತು, ಕಲ್ಲೆಲ್ಲಿ ಎಂದು. ಗಾಡಿ ನಿಂತಿದ್ದ ಜಾಗದಲ್ಲಿ ಕಲ್ಲು ಕಾಣಲಿಲ್ಲ. ಎಲ್ಲರ ಕಣ್ಣೂ ಮಾವನ ಮೇಲೆ. ಅವರು ಮೊದಲು ಕಲ್ಲು ಕೊಟ್ಟಿದ್ದೇನೆ ಎಂದರು. ಆಮೇಲೆ ಕೊಟ್ಟ ಹಾಗಿತ್ತಲ್ಲ ಎಂದರು. ಆವಲಪ್ಪನನ್ನು ಆಸ್ಪತ್ರೆಗೆ ಸಾಗಿಸಲು ನಾನು ಗಾಡಿ ಹತ್ತಿ ಕೂತೆ. ಚಿಕ್ಕ ಗೇರಿನ ಮೇಲೆ ಕೈ ಇಟ್ಟರೆ ಅದು ನಡುವಿನಲ್ಲಿ ಸಡಿಲವಾಗಿ ಅಲ್ಲಾಡುತ್ತಿತ್ತು. ನನಗೆ ತಿಳಿದುಹೋಯಿತು. ಯಾರೂ ನೋಡುವ ಮೊದಲೇ ಅದನ್ನು ಜಾಗಕ್ಕೆ ತಳ್ಳಿದೆ. ಈ ಸಲ ಟಕ್ ಎಂದು ತಾಕಿತು. ಕೋಲಾರದವರೆಗೆ ಆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ಹಿಂದೆ ಆವಲಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾವ ಕೂತಿದ್ದರು.

ಮಾರನೇ ದಿನ ಒಬ್ಬಳೇ ತೋಪಿಗೆ ಹೋದೆ. ಚಕ್ರದ ಗುರುತನ್ನು ಕಾಲಿನಿಂದ ಕೆದಕಿದೆ. ನಾಲ್ಕು ಬೆರಳು ಆಳದಲ್ಲಿ ಕಲ್ಲಿತ್ತು, ಮೇಲೆಲ್ಲ ಟೈರಿನ ಅಚ್ಚು. ಅದನ್ನು ಅಗೆದು ಎತ್ತಿಕೊಂಡು ಊರಿನ ನಡುವೆ ತಂದಿಡಬಹುದಿತ್ತು. ನಾನು ಚಪ್ಪಲಿಯಿಂದ ಮಣ್ಣು ಎಳೆದು ಮುಚ್ಚಿದೆ. ಆಮೇಲೆ ಅಲ್ಲಿ ಉಳುಮೆಯೂ ಆಯಿತು.

ಯಾಕೆ ಮುಚ್ಚಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪೊಲೀಸಿನ ಭಯವೇ? ಆವಲಪ್ಪ ಕಂಪ್ಲೇಂಟ್ ಕೊಡುವವನೇ ಅಲ್ಲ. ಹೆಂಗಸರು ನಗುತ್ತಾರೆಂಬ ಭಯ. ನೋಡಿದ್ರಾ, ಹೆಂಗಸಿನ ಕೈಗೆ ಗಾಡಿ ಕೊಟ್ಟರೆ ಹೀಗೇ ಆಗುವುದು ಎಂದು ಊರು ಅಂದುಬಿಡುತ್ತದಲ್ಲ, ಆ ಒಂದು ಮಾತಿನ ಭಯ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಅನ್ಯಾಯ ಮಾಡಿದ ನನ್ನ ಮೇಲೆ ನನಗೇ ಅಸಹ್ಯವಿದೆ.

ಮಾವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರೇನೋ. ಎಲ್ಲರೂ ಕ್ಷಮಿಸಿದರು. ಅಪ್ಪನಿಗೆ ವಯಸ್ಸಾಯಿತು ಎಂದು ಮುರಳಿ ಮೆತ್ತಗೆ ಹೇಳಿ ಗಾಡಿಯ ಕೀಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಕೋಲು ಊರಿಕೊಂಡು ಮನೆಗೆ ಬಂದ ಆವಲಪ್ಪ, ಪೋನೀಲೇ ಕಿಷ್ಟಪ್ಪಾ, ಹೋಗಲಿ ಬಿಡು, ನಮ್ಮ ವಯಸ್ಸಿಗೆ ಮರೆವು ಸಹಜ ಎಂದು ಬೆನ್ನು ತಟ್ಟಿದ. ಮಾವ ಹೂಂ ಎಂದರು.

ಅಲ್ಲಿಂದ ಶುರುವಾಯಿತು. ಬೋರ್‌ವೆಲ್ ಸ್ಟಾರ್ಟರ್ ಆಫ್ ಮಾಡಿ ಬಂದವರು ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡುವರು. ಹಸು ಕಟ್ಟಿದ್ದೀನೇನಮ್ಮಾ ಎಂದು ಕೇಳುವರು. ಬಿಪಿ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ನುಂಗಿದೆನಾ ಎನ್ನುವರು. ಆಗೆಲ್ಲ ಅವರು ಮಾಡಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಮರೆವು ಬಂದಿರಲಿಲ್ಲ, ಮರೆವು ಬಂದಿದೆ ಎಂಬ ನಂಬಿಕೆ ಬಂದಿತ್ತು. ಇವತ್ತಲ್ಲ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ನಾನು ಹನ್ನೊಂದು ತಿಂಗಳು ತಳ್ಳಿದೆ. ರಾಗಿ ಕೊಯ್ಲು ಮುಗಿಯಿತು, ಮಾವು ಹೂ ಬಿಟ್ಟಿತು, ಕಾಯಿ ಕಚ್ಚಿತು.

ಈ ಮೇ ತಿಂಗಳ ಒಂದು ಬೆಳಿಗ್ಗೆ ಮಾವ ಶ್ರೀನಿವಾಸಪುರಕ್ಕೆ ಕಣ್ಣು ತೋರಿಸಿಕೊಳ್ಳಲು ಹೊರಟರು. ಬಿಳಿ ಷರಟು ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ಒಂದು ಚೀಟಿ, ಪೆನ್ನು ಚಾಚಿದರು.

"ನಮ್ಮೂರ ಹೆಸ್ರು, ನಿನ್ ಫೋನ್ ನಂಬ್ರು ಬರ್ದುಕೊಡಮ್ಮ. ಜೇಬಲ್ಲಿರ್ಲಿ. ಬಸ್ಸು ಮರ್ತು ಎಲ್ಲಾನಾ ಇಳ್ದುಬಿಟ್ರೆ ಯಾರಾದ್ರು ಫೋನ್ ಮಾಡ್ತಾರೆ."

ನಾಗಪುರಕ್ಕೆ ದಾರಿ ಕೇಳದೆ ಹೋದ ಮನುಷ್ಯ. ಹದಿನೈದು ಮೈಲಿಯ ಬಸ್ಸಿಗೆ ಚೀಟಿ ಬೇಕಾಗಿತ್ತು. ನಾನು ಬರೆದುಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟು ಎರಡು ಸಲ ಮುಟ್ಟಿ ನೋಡಿಕೊಂಡು ಹೋದರು. ನಾನು ಒಲೆ ಆರಿಸಿ ಅಲ್ಲೇ ಕೂತು ಅತ್ತೆ.

ಸಂಜೆ ಶಿಫ್ಟ್ ಮುಗಿಸಿ ಬಂದ ಮುರಳಿಗೆ ಎಲ್ಲವನ್ನೂ ಹೇಳಿದೆ. ಕೂಗಾಡಲಿ, ಹೊಡೆಯಲಿ ಎಂದೇ ಹೇಳಿದ್ದು. ಅವರು ಷೂ ಬಿಚ್ಚುತ್ತ ಕೇಳಿ, ಅಪ್ಪನ ಮೇಲೆ ನಿನಗೆ ಎಷ್ಟು ಪ್ರೀತಿ ಎಂದರು. ಅವರ ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೀಯಲ್ಲ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಆಣೆ ಇಟ್ಟೆ. ನಂಬಲಿಲ್ಲ. ಹನ್ನೊಂದು ತಿಂಗಳು ಸುಮ್ಮನಿದ್ದವಳು ಈಗ ಹೇಳಿದರೆ ಅದು ಕರುಣೆಯಲ್ಲದೆ ಮತ್ತೇನು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು, ಅದೇ ಸಂಕಟ.

ಮರುದಿನ ಬೆಳಿಗ್ಗೆ ಮಾವನನ್ನೂ ಆವಲಪ್ಪನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತೋಪಿಗೆ ಹತ್ತಿಸಿದೆ. ಅದೇ ಸಾಲಿನ ಕೆಳಗೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆ. ಎಂಜಿನ್ ಓಡುತ್ತಿರುವಾಗಲೇ ಚಿಕ್ಕ ಗೇರನ್ನು ನಡುವಿಗೆ ತಂದು, ದೊಡ್ಡದನ್ನು ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟೆ. ಆಕ್ಸಿಲರೇಟರ್ ತುಳಿದೆ. ಎಂಜಿನ್ ಅರಚಿತು, ಗಾಡಿ ಕದಲಲಿಲ್ಲ. ಅವತ್ತು ಗೇರು ಹೀಗಿತ್ತು ಎಂದೆ. ಕಲ್ಲು ಮಣ್ಣಿನೊಳಗೆ ಸಿಕ್ಕಿದ್ದನ್ನು, ನಾನು ಮುಚ್ಚಿದ್ದನ್ನು, ಒಂದೂ ಬಿಡದೆ ಹೇಳಿದೆ.

"ತಪ್ಪು ನಂದು ಮಾವ. ನೀವು ಕಲ್ಲಿಕ್ಕಿದ್ರಿ. ನಾನು ಕಣ್ಣಾರೆ ನೋಡಿದೀನಿ. ನಿಮ್ಗೆ ಯಾವ ಮರೆವೂ ಇಲ್ಲ."

ಆವಲಪ್ಪ ತನ್ನ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಅವನು ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಮಾವ ಮಾತ್ರ ಚಿಕ್ಕ ಗೇರನ್ನು ಒಮ್ಮೆ ಹಿಡಿದು ಅಲ್ಲಾಡಿಸಿ, ಇದನ್ನು ನಾನೇ ನಿನಗೆ ಹೇಳಿಕೊಟ್ಟಿದ್ದು ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಮುರಳಿ ರಾತ್ರೀನೇ ಹೇಳ್ದ, ನೀನಿಂಗೆ ಹೇಳ್ತೀಯ ಅಂತ. ನಂಗೋಸ್ಕರ ಸುಳ್ಳು ಹೇಳ್ಬೇಡ ಕಣಮ್ಮ. ಅವತ್ತಿಂದು ನಂಗೆ ಚೆನ್ನಾಗ್ ಗೆಪ್ತಿ ಐತೆ. ನೀನು ಗಾಡಿ ನಿಲ್ಸಿ ಇಳ್ದೆ. ನಾನು ಬೀಡಿ ಹಚ್ಕೊಂತಿದ್ದೆ. ಗಾಳಿಗೆ ಕಡ್ಡಿ ಆರೋಯ್ತು. ಎರಡ್ನೇ ಕಡ್ಡಿ ಗೀರೋವಾಗ ಕಲ್ಲಿಕ್ಕೋದು ಮರ್ತೋಯ್ತು."

ಆವಲಪ್ಪ ಮುಖ ತಿರುಗಿಸಿ ಮಾವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಬೀಡಿಯ ಮಾತು ಕೇಳಿದ್ದೇ ಅವನಿಗೆ ಎಲ್ಲವೂ ತಿಳಿಯಿತು. ನನ್ನ ಮಾತನ್ನು ನಂಬಿದವನು ಅವನೊಬ್ಬನೇ. ನಾನು ಈ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಯಿತು. ಅದಕ್ಕೂ ಒಂದು ವರ್ಷ ಮೊದಲೇ ಎದೆನೋವು ಬಂದು ಮಾವ ಬೀಡಿ ಬಿಟ್ಟಿದ್ದರು.